ಮೇದೋಜ್ಜೀರಕದ ಇನ್‌ಚಾರ್ಜ್

ನಮ್ಮ ಹೆಂಡತಿಯ ತವರಿನವರು ಸಕ್ಕರೆ ಕಾಯಿಲೆ ಇಲ್ಲದವರನ್ನು ಪೂರ್ತಿ ದೊಡ್ಡವರೆಂದು ಲೆಕ್ಕಕ್ಕೆ ಹಿಡಿಯುವುದಿಲ್ಲ. ನಾಮಕರಣವಿರಲಿ, ವೈಕುಂಠ ಸಮಾರಾಧನೆಯಿರಲಿ, ಊಟ ಮುಗಿದು ಎಲೆ ಅಡಿಕೆಯ ತಟ್ಟೆ ಬರುತ್ತಲೇ ಸಭೆ ಸೇರುತ್ತದೆ. "ನಿಂದೆಷ್ಟು?" "ಫಾಸ್ಟಿಂಗ್ ನೂರೈವತ್ತು." "ಇಷ್ಟೇನಾ! ನಂದು ಹೋದ ತಿಂಗಳು ಇನ್ನೂರ ಎಂಬತ್ತು. ಡಾಕ್ಟರೇ ಹೆದರ್ಕೊಂಡ್ರು." ಹೀಗೆ ಹೇಳಿದವರು ಸುತ್ತಲೂ ಒಮ್ಮೆ ನೋಡಿ ಇನ್ನೊಂದು ಜಹಾಂಗೀರ್ ಬಾಯಿಗಿಡುತ್ತಾರೆ. ಈ ಸಭೆಗೆ ಖಾಯಂ ಅಧ್ಯಕ್ಷೆ ನಮ್ಮ ಅತ್ತೆ. ಇಪ್ಪತ್ತು ವರ್ಷದಿಂದ ಮಾತ್ರೆ ನುಂಗುತ್ತಿರುವ ಹಿರಿತನ ಅವರದು. ಗ್ಯಾಸ್ ಟ್ರಬಲ್ ಒಂದು ಬಿಟ್ಟರೆ ಹೇಳಿಕೊಳ್ಳುವಂಥ ಕಾಯಿಲೆಯಿಲ್ಲದ ನಾನು ಆ ಹೊತ್ತಿಗೆ ಜಗುಲಿಯಲ್ಲಿ ಮಕ್ಕಳ ಜೊತೆ ಚೌಕಾಬಾರ ಆಡುತ್ತಿದ್ದೆ.

ಇಂಥ ನನಗೆ ನಲವತ್ತೆರಡರಲ್ಲಿ ಬಾಯಾರಿಕೆ ಶುರುವಾಯಿತು. ಬೇಸಿಗೆ ಅಂದುಕೊಂಡೆ. ತುಮಕೂರಿನ ಬಿಸಿಲು ನೋಡಿದವರು ಯಾರೂ ತಪ್ಪು ತಿಳಿಯಲಾರರು. ಚೊಂಬು ಹೋಗಿ ಕೊಡ ಬಂತು. ರಾತ್ರಿ ಎದ್ದೆದ್ದು ಬಚ್ಚಲಿಗೆ ಹೋಗುವ ನನ್ನ ಚಪ್ಪಲಿ ಸದ್ದಿಗೆ ಬೀದಿಯ ನಾಯಿಗಳೂ ಎಚ್ಚರವಾಗಿರತೊಡಗಿದವು. ಜೊತೆಗೆ, ತಿಂದಷ್ಟೂ ಇಳಿಯುತ್ತಾ ಬಂದೆ. ಇಲ್ಲಿ ನನ್ನ ಬುದ್ಧಿ ಸ್ವಲ್ಪ ಹೇಳಬೇಕು. ಪ್ಯಾಂಟು ಸೊಂಟದಿಂದ ಜಾರುತ್ತಿದ್ದರೆ ಗಾಬರಿಯಾಗಬೇಕಾದವನು ಕನ್ನಡಿಯ ಮುಂದೆ ಅಡ್ಡಡ್ಡ ನಿಂತು ನೋಡಿಕೊಳ್ಳುತ್ತಿದ್ದೆ. ಆಫೀಸಿನಲ್ಲಿ "ಏನ್ ಸಾರ್, ಏನ್ ಡಯಟ್ಟು?" ಎಂದು ಕೇಳಿದವರಿಗೆಲ್ಲ ಮುಂಜಾನೆಯ ನಡಿಗೆಯ ಮಹಿಮೆಯನ್ನು ವಿವರಿಸುತ್ತಿದ್ದೆ. ನಾನು ಮುಂಜಾನೆ ಎದ್ದು ನಡೆದದ್ದು ಹಾಲಿನ ಬೂತಿನವರೆಗೆ, ಅದೂ ಸ್ಕೂಟರಿನಲ್ಲಿ.

ಕೊನೆಗೆ ಹೆಂಡತಿಯ ಒತ್ತಾಯಕ್ಕೆ ರಕ್ತ ಕೊಟ್ಟೆ. ಊಟಕ್ಕೂ ಉಪವಾಸಕ್ಕೂ ಸಂಬಂಧವಿಲ್ಲದೆ ಯಾವಾಗ ನೋಡಿದರೂ 200 ದಾಟಿದ್ದು, ಜೊತೆಗೆ ಇಂಥ ಬಾಯಾರಿಕೆಯೂ ಇದ್ದರೆ ಅದು ಸಕ್ಕರೆ ಕಾಯಿಲೆಯೇ. ಖಾಲಿ ಹೊಟ್ಟೆಯಲ್ಲಾದರೆ 126 ಗಡಿ, ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿಗೆ 6.5. ನಾನು ಎಲ್ಲ ಗಡಿಗಳನ್ನೂ ಒಟ್ಟಿಗೇ ದಾಟಿದ್ದೆ. ಪರೀಕ್ಷೆಯಲ್ಲಿ ಇಷ್ಟೊಂದು ಅಂಕ ನನಗೆ ಶಾಲೆಯಲ್ಲೂ ಬಂದಿರಲಿಲ್ಲ. ಸಿಕ್ಕ ವೈದ್ಯರು ಎಲ್ಲರಿಗೂ ಕೊಡುವ ಮಾತ್ರೆ ಬರೆದುಕೊಟ್ಟರು. ಅತ್ತೆ ಸಂಭ್ರಮಪಟ್ಟರು ಎಂದರೆ ತಪ್ಪಾದೀತು, ಆದರೆ ಮಾತ್ರೆ ಇಟ್ಟುಕೊಳ್ಳಲು ತಮ್ಮ ಹಳೆಯ ಡಬ್ಬಿಯೊಂದನ್ನು ತೊಳೆದು ಒರೆಸಿ ಕೊಟ್ಟರು. "ಏನೂ ಆಗಲ್ಲ ಅಳಿಯಂದ್ರೇ. ನಾನಿಲ್ವಾ?"

ಆಯಿತು. ಮಾತ್ರೆಗೆ ಸಕ್ಕರೆ ಜಗ್ಗಲಿಲ್ಲ. ಒಂದು ದಿನ ಹೊಟ್ಟೆನೋವು, ವಾಂತಿ, ಓಡಿ ಬಂದವನಿಗೆ ಬರುವಂಥ ದೊಡ್ಡ ದೊಡ್ಡ ಉಸಿರು. ಓಡಿದ್ದವನಲ್ಲ, ಚಾಪೆಯ ಮೇಲೆ ಮಲಗಿದ್ದವನು. ಅತ್ತೆ ಹತ್ತಿರ ಬಂದು ಮೂಸಿ, ಮಗಳನ್ನು ಪಕ್ಕಕ್ಕೆ ಕರೆದು ಪಿಸುಗುಟ್ಟಿದರು: "ಬಾಯಲ್ಲಿ ಹಣ್ಣಿನ ವಾಸನೆ ಬರ್ತಿದೆ ಕಣೇ. ಪಥ್ಯ ಬಿಟ್ಟು ಕದ್ದು ಏನೋ ತಿಂದಿದ್ದಾರೆ."

ತಿಂದದ್ದಲ್ಲ. ಇನ್ಸುಲಿನ್ ಇಲ್ಲದಿದ್ದರೆ ರಕ್ತದಲ್ಲಿ ಸಕ್ಕರೆ ಎಷ್ಟೇ ತುಂಬಿದ್ದರೂ ದೇಹದ ಬಹುಪಾಲು ಕೋಶಗಳಿಗೆ ಅದು ದಕ್ಕುವುದಿಲ್ಲ. ದೇಹ ಕೊಬ್ಬನ್ನು ಸುಡತೊಡಗುತ್ತದೆ, ಕೀಟೋನ್ ಎಂಬ ಆಮ್ಲಗಳು ರಾಶಿಯಾಗುತ್ತವೆ, ಹಣ್ಣಿನ ವಾಸನೆ ಅವುಗಳದು. ತಡ ಮಾಡಿದರೆ ಜೀವಕ್ಕೇ ಸಂಚಕಾರ. ಆಸ್ಪತ್ರೆಯಲ್ಲಿ ಒಂದು ಕೈಗೆ ಸಲೈನ್, ಇನ್ನೊಂದಕ್ಕೆ ಇನ್ಸುಲಿನ್, ನಡುವೆ ಪೊಟ್ಯಾಸಿಯಂ ಎಷ್ಟಿದೆ ಎಂದು ಮತ್ತೆ ಮತ್ತೆ ರಕ್ತ. ಎರಡೂ ಕೈ ಕಟ್ಟಿಹೋದ ನನಗೆ ಮೂಗು ತುರಿಸಿಕೊಳ್ಳಲೂ ಹೆಂಡತಿಯ ಅಪ್ಪಣೆ ಬೇಕಾಗಿತ್ತು. ಮನೆಯಲ್ಲೂ ಹಾಗೇ ಆದ್ದರಿಂದ ವಿಶೇಷ ಕಷ್ಟವಾಗಲಿಲ್ಲ.

ಅಲ್ಲಿನ ಡಾಕ್ಟರಮ್ಮ ಇನ್ನೆರಡು ಪರೀಕ್ಷೆ ಬರೆದರು. ಒಂದು ಜಿಎಡಿ ಆಂಟಿಬಾಡಿ, ಇನ್ನೊಂದು ಸಿ-ಪೆಪ್ಟೈಡ್. ಸಕ್ಕರೆಯ ಅಂಕಿ ಕಾಯಿಲೆ ಇದೆ ಎಂದು ಹೇಳುತ್ತದೆಯೇ ಹೊರತು ಯಾವ ಜಾತಿಯದು ಎಂದು ಹೇಳುವುದಿಲ್ಲ. ಮೇದೋಜ್ಜೀರಕ ಗ್ರಂಥಿ ಇನ್ಸುಲಿನ್ ಮಾಡುವಾಗ ಅಷ್ಟೇ ಪ್ರಮಾಣದಲ್ಲಿ ಸಿ-ಪೆಪ್ಟೈಡ್ ಕೂಡ ಹೊರಬರುತ್ತದಂತೆ. ನನ್ನದರಲ್ಲಿ ಅದು ನಾಮಕಾವಾಸ್ತೆ ಇತ್ತು. ಆಂಟಿಬಾಡಿ ಮಾತ್ರ ಧಾರಾಳ. ಡಾಕ್ಟರಮ್ಮ ಹೇಳಿದರು: "ನಿಮ್ಮದು ಟೈಪ್ ಒನ್. ನಿಮ್ಮ ರೋಗನಿರೋಧಕ ಶಕ್ತಿಯೇ ಇನ್ಸುಲಿನ್ ಮಾಡೋ ಬೀಟಾ ಕೋಶಗಳನ್ನ ಶತ್ರು ಅಂದ್ಕೊಂಡು ಹೊಡೆದುಹಾಕಿದೆ."

ರೋಗನಿರೋಧಕ ಶಕ್ತಿ ಎಂದ ಕೂಡಲೇ ನಾನು ಅತ್ತೆಯನ್ನು ನೋಡಿದೆ. ಕೊರೊನಾ ಕಾಲದಲ್ಲಿ ಇದೇ ಶಕ್ತಿ ಹೆಚ್ಚಲೆಂದು ಅಮೃತಬಳ್ಳಿ, ಶುಂಠಿ, ಮೆಣಸು ಕುದಿಸಿ ಹೊತ್ತು ಹೊತ್ತಿಗೆ ನನ್ನ ಗಂಟಲಿಗೆ ಸುರಿದವರು ಅವರು. "ಡಾಕ್ಟ್ರೇ, ಕಷಾಯದಿಂದ..." ಎಂದು ಶುರುಮಾಡಿದೆ. ಅತ್ತೆ ಕಣ್ಣು ಬಿಟ್ಟರು. ಡಾಕ್ಟರಮ್ಮ ನಕ್ಕು, ಕಷಾಯದಿಂದಲೂ ಅಲ್ಲ, ಮೈಸೂರುಪಾಕಿನಿಂದಲೂ ಅಲ್ಲ ಎಂದರು. ಹುಟ್ಟಿನಿಂದ ಬಂದ ಕೆಲವು ವಂಶವಾಹಿಗಳು, ಅವುಗಳ ಮೇಲೆ ಹೊರಗಿನ ಯಾವುದೋ ಪ್ರಚೋದನೆ, ಬಹುಶಃ ಯಾವುದೋ ವೈರಸ್ಸು. ಇಂಥದ್ದೇ ಎಂದು ವಿಜ್ಞಾನ ಇನ್ನೂ ಬೆರಳು ಮಾಡಿ ತೋರಿಸಿಲ್ಲ. ನಮ್ಮ ಮನೆಯಲ್ಲಿ ಇದನ್ನು ಯಾರೂ ಒಪ್ಪಲಿಲ್ಲ. ಏನಾದರೂ ಆದ ಮೇಲೆ ಯಾರಾದರೂ ಕಾರಣರಾಗಿರಲೇಬೇಕೆಂಬುದು ಕೂಡುಕುಟುಂಬದ ನಿಯಮ. ಆ ಸಂಜೆಯೇ ನಾನು 2009ರಲ್ಲಿ ಭಾವಮೈದನ ಮದುವೆಯಲ್ಲಿ ಪಂಥ ಕಟ್ಟಿ ತಿಂದ ಲಾಡುಗಳ ಲೆಕ್ಕ ಹೊರಬಂತು.

ಟೈಪ್ ಒನ್ ಮಕ್ಕಳಿಗೆ ಬರುವುದು, ನಲವತ್ತೆರಡರ ಕುದುರೆಗೇಕೆ ಬಂತು ಎಂದು ಹೆಂಡತಿ ಕೇಳಿದಳು. ಯಾವ ವಯಸ್ಸಿಗೂ ಬರಬಹುದಂತೆ. ಬ್ರಿಟನ್ನಿನ ಪ್ರಧಾನಿಯಾಗಿದ್ದ ಥೆರೇಸಾ ಮೇ ಅವರಿಗೆ ಐವತ್ತು ದಾಟಿದ ಮೇಲೆ ಬಂತು. ಅವರಿಗೂ ಮೊದಲು ಟೈಪ್ ಟೂ ಎಂದೇ ಮಾತ್ರೆ ಕೊಟ್ಟಿದ್ದರು. ಪಾಕಿಸ್ತಾನದ ವಾಸಿಂ ಅಕ್ರಮ್‌ಗೆ 1997ರಲ್ಲಿ ಪತ್ತೆಯಾಯಿತು. ಇನ್ಸುಲಿನ್ ಚುಚ್ಚಿಕೊಂಡೇ ಆತ ಇನ್ನೂ ಐದಾರು ವರ್ಷ ವೇಗದ ಬೌಲಿಂಗ್ ಮಾಡಿ ಒಂದು ದಿನದ ಪಂದ್ಯಗಳಲ್ಲಿ 502 ವಿಕೆಟ್ ಮುಟ್ಟಿದ. 1996ರ ಬೆಂಗಳೂರು ಕ್ವಾರ್ಟರ್ ಫೈನಲ್‌ನಲ್ಲಿ ಗಾಯದಿಂದ ಹೊರಗುಳಿದ ಅವನನ್ನು ನಾನು ಟಿವಿ ಮುಂದೆ ಕೂತು ಮನಸಾರೆ ಹಂಗಿಸಿದ್ದೆ. ಈಗ ನಾವಿಬ್ಬರೂ ಒಂದೇ ಪಂಕ್ತಿಯವರು. ಅತ್ತೆಗೆ ಇದು ತಡವಾಗಿ ಹೊಳೆಯಿತು. ಪಕ್ಕದ ಮನೆಯವರಿಗೆ ಹೇಳುತ್ತಿದ್ದುದು ನನ್ನ ಕಿವಿಗೇ ಬಿತ್ತು: "ನಮ್ದೆಲ್ಲ ಟೂ ಕಣ್ರೀ. ಅಳಿಯಂದ್ರದ್ದು ಒನ್. ಆಫೀಸಲ್ಲಂತೂ ಕ್ಲಾಸ್ ಒನ್ ಆಗ್ಲಿಲ್ಲ, ಇದರಲ್ಲಾದ್ರೂ ಆದ್ರು."

ವ್ಯತ್ಯಾಸ ನನಗೆ ಅರ್ಥವಾದದ್ದು ನಮ್ಮ ಇಲಾಖೆಯ ಭಾಷೆಯಲ್ಲಿ. ಟೈಪ್ ಟೂ ಎಂದರೆ ಸಾಹೇಬರು ಕುರ್ಚಿಯಲ್ಲಿದ್ದಾರೆ, ಆದೇಶವೂ ಹೊರಡುತ್ತದೆ, ಕೆಳಗಿನವರು ಕಿವಿಗೆ ಹಾಕಿಕೊಳ್ಳುವುದಿಲ್ಲ. ಕೂಗಿ ಕೂಗಿ ಕಾಲಕ್ರಮದಲ್ಲಿ ಸಾಹೇಬರೂ ಸೋಲುತ್ತಾರೆ. ಟೈಪ್ ಒನ್ ಎಂದರೆ ಕುರ್ಚಿಯೇ ಖಾಲಿ, ಹುದ್ದೆ ಭರ್ತಿಯಾಗುವ ಲಕ್ಷಣವಿಲ್ಲ. ಅಂಥ ಕಡೆ ಸರ್ಕಾರ ಏನು ಮಾಡುತ್ತದೆ? ಸಿಕ್ಕಿದ ಎಫ್‌ಡಿಎ ಒಬ್ಬನಿಗೆ ಹೆಚ್ಚುವರಿ ಸಂಬಳವಿಲ್ಲದೆ ಇನ್‌ಚಾರ್ಜ್ ಕೊಡುತ್ತದೆ. ಆ ಎಫ್‌ಡಿಎ ನಾನು. ಊಟದ ಗೊಡವೆಯಿಲ್ಲದೆ ಇಡೀ ದಿನ ಹನಿ ಹನಿಯಾಗಿ ಇನ್ಸುಲಿನ್ ಬಿಡುವುದು, ತುತ್ತು ಒಳಗೆ ಹೋದಾಗ ಆ ತುತ್ತಿಗೆ ತಕ್ಕಷ್ಟು ಬಿಡುವುದು, ಇವೆರಡನ್ನೂ ಯಾರಿಗೂ ಹೇಳದೆ ಕೇಳದೆ ಮಾಡುತ್ತಿದ್ದ ಗ್ರಂಥಿಯ ಕೆಲಸ ಈಗ ಗಣಿತದಲ್ಲಿ 35 ಅಂಕದ ಮೇಲೆ ನಿಂತು ಪಾಸಾದವನ ಪಾಲಿಗೆ ಬಂತು. ಮೊದಲ ಕೆಲಸಕ್ಕೆ ದಿನಕ್ಕೊಮ್ಮೆ ಚುಚ್ಚುವ ನಿಧಾನದ ಇನ್ಸುಲಿನ್, ಎರಡನೆಯದಕ್ಕೆ ಪ್ರತಿ ಊಟದ ಮುಂಚೆ ಚುರುಕಿನದು.

ಚುಚ್ಚುವ ವಿಷಯ. ಪೆನ್ನಿನ ಸೂಜಿ ನಾಲ್ಕು ಮಿಲಿಮೀಟರ್, ಕೂದಲಿನಷ್ಟು ಸಣ್ಣದು, ನೋವೇ ಇಲ್ಲ ಎಂದು ನರ್ಸಮ್ಮ ಹೇಳಿದರು. ನಾನು ಹೊಟ್ಟೆಯ ಚರ್ಮ ಹಿಡಿದು, ಪೂರ್ವಾಭಿಮುಖವಾಗಿ ಕೂತು, ಕುಲದೇವರಾದ ಸಿದ್ಧಲಿಂಗೇಶ್ವರನನ್ನು ನೆನೆದು, ಮತ್ತೆ ಕೈಬಿಟ್ಟು, ಫ್ಯಾನ್ ಹಾಕಿಸಿ, ಮತ್ತೆ ಹಿಡಿದೆ. ಅಷ್ಟರಲ್ಲಿ ಪಿಯುಸಿ ಓದುವ ಮಗಳು "ಅಪ್ಪಾ, ಕೊಡು ಇಲ್ಲಿ" ಎಂದು ಕಿತ್ತುಕೊಂಡು, ಟಕ್ ಎಂದು ಒತ್ತಿ, ಹತ್ತು ಎಣಿಸಿ ತೆಗೆದಳು. ನಾನು ಚೀರಬೇಕೆಂದು ತೆರೆದ ಬಾಯಿ ತೆರೆದೇ ಇತ್ತು. ಒಂದೇ ಜಾಗಕ್ಕೆ ದಿನಾ ಚುಚ್ಚಿದರೆ ಅಲ್ಲಿ ಗಂಟು ಕಟ್ಟಿ ಇನ್ಸುಲಿನ್ ಸರಿಯಾಗಿ ಹೀರಿಕೊಳ್ಳುವುದಿಲ್ಲವಾದ್ದರಿಂದ ಹೊಟ್ಟೆ, ತೊಡೆ ಎಂದು ಜಾಗ ಬದಲಿಸಬೇಕು. ಮಗಳು ಕ್ಯಾಲೆಂಡರಿನ ಹಿಂದೆ ನನ್ನ ಹೊಟ್ಟೆಯ ನಕ್ಷೆ ಬರೆದು ಹೋಬಳಿಗಳಾಗಿ ವಿಂಗಡಿಸಿದ್ದಾಳೆ. ಸೀಸೆಯಿಂದ ಸಿರಿಂಜಿಗೆ ಎಳೆಯುವುದಾದರೆ ಇನ್ನೊಂದು ಎಚ್ಚರ ಬೇಕು. ನಮ್ಮಲ್ಲಿ 40 ಯೂನಿಟ್ಟಿನ ಸೀಸೆಗೆ ಕೆಂಪು ಮುಚ್ಚಳದ ಸಿರಿಂಜು, 100ರದಕ್ಕೆ ಕಿತ್ತಳೆ ಮುಚ್ಚಳದ್ದು. ಅದಲು ಬದಲಾದರೆ ಪ್ರಮಾಣ ಎರಡೂವರೆ ಪಟ್ಟು ಆಚೀಚೆ. ಇದು ತಿಳಿದ ದಿನವೇ ನಮ್ಮ ಮನೆಯಲ್ಲಿ ಪೆನ್ನೇ ಖಾಯಂ ಆಯಿತು. ನನ್ನನ್ನು ಬಲ್ಲವರು ತೆಗೆದುಕೊಂಡ ತೀರ್ಮಾನ ಅದು.

ಫ್ರಿಜ್ಜಿನಲ್ಲಿ ಇನ್ಸುಲಿನ್ನಿಗೆ ಜಾಗ ಮಾಡಿಸಿದ್ದು ಸೈಟು ಖಾತೆ ಮಾಡಿಸಿದ್ದಕ್ಕಿಂತ ಕಷ್ಟವಾಯಿತು. 2ರಿಂದ 8 ಡಿಗ್ರಿ ಇರಬೇಕು, ಹೆಪ್ಪುಗಟ್ಟಬಾರದು. ಬಳಸುತ್ತಿರುವ ಪೆನ್ನು ಬಿಸಿಲು ತಾಗದ ಕಡೆ ಹೊರಗೇ ನಾಲ್ಕು ವಾರ ಇರುತ್ತದೆ. ಮೊದಲು ಕೊತ್ತಂಬರಿ ಸೊಪ್ಪಿನ ಪಕ್ಕ ಇಟ್ಟೆ. ಅಲ್ಲಿಂದ ದೋಸೆ ಹಿಟ್ಟು ಒಕ್ಕಲೆಬ್ಬಿಸಿತು. ಒಮ್ಮೆ ರಜಕ್ಕೆಂದು ಬಂದ ನಾದಿನಿ, "ಔಷಧಿ ಕೆಡಬಾರ್ದು ಅಂತ ಮೇಲಿಟ್ಟೆ ಭಾವ" ಎಂದು ಫ್ರೀಜರಿನಲ್ಲಿ ಐಸ್ ಟ್ರೇ ಪಕ್ಕ ಮಲಗಿಸಿದ್ದಳು. ಒಮ್ಮೆ ಗಡ್ಡೆಯಾದ ಇನ್ಸುಲಿನ್ ಕರಗಿದರೂ ಕೆಲಸಕ್ಕೆ ಬಾರದು, ಎಸೆಯಲೇಬೇಕು. ಎಸೆದೆ. ಅದರ ಬೆಲೆ ಹೇಳಿದಾಗ ನಾದಿನಿಯೂ ಸ್ವಲ್ಪ ಹೊತ್ತು ಗಡ್ಡೆಯಾಗಿದ್ದಳು.

ಇನ್ಸುಲಿನ್ ಶುರುವಾದ ಕೆಲವೇ ವಾರಕ್ಕೆ ಸಕ್ಕರೆ ಚೆನ್ನಾಗಿ ಇಳಿದು, ಯೂನಿಟ್ಟುಗಳನ್ನೂ ಕಡಿಮೆ ಮಾಡಬೇಕಾಯಿತು. ಕಾಯಿಲೆ ವಾಸಿಯಾಯಿತೆಂದು ತಿಪಟೂರಿನ ದೊಡ್ಡಪ್ಪನಿಗೆ ಫೋನೂ ಮಾಡಿಬಿಟ್ಟೆ. ಡಾಕ್ಟರಮ್ಮ, "ಇದು ಹನಿಮೂನ್ ಪೀರಿಯಡ್ಡು. ಉಳಿದಿರೋ ನಾಲ್ಕು ಬೀಟಾ ಕೋಶ ಸುಧಾರಿಸ್ಕೊಂಡು ಕೆಲಸ ಮಾಡ್ತಿವೆ. ಕೆಲವು ತಿಂಗಳು, ಆಮೇಲೆ ಮುಗಿಯುತ್ತೆ" ಎಂದರು. ಹೆಂಡತಿ ಪಕ್ಕದಲ್ಲೇ ಇದ್ದಳು. "ಹೌದು ಡಾಕ್ಟ್ರೇ, ನಮ್ದೂ ಅಷ್ಟೇ ದಿನ ಇದ್ದಿದ್ದು" ಎಂದಳು.

ಆ ಫೋನಿನ ಫಲವಾಗಿ ದೊಡ್ಡಪ್ಪ ಹಾಗಲಕಾಯಿ ರಸದ ಸೀಸೆ ಹಿಡಿದು ಬಂದರು. ನೆನೆಸಿದ ಮೆಂತ್ಯ, ನೇರಳೆ ಬೀಜದ ಪುಡಿ, ಮೊಬೈಲಿನಲ್ಲಿ ಯಾರೋ ಸ್ವಾಮಿಗಳ ವಿಡಿಯೊ, ಎಲ್ಲ ಬಂದವು. "ಇಂಜೆಕ್ಷನ್ ಅಭ್ಯಾಸ ಆಗ್ಬಿಡುತ್ತೆ ಕಣೋ, ನಿಲ್ಸು" ಎಂದರು. ಜೀವನದಲ್ಲಿ ಹಿರಿಯರಿಗೆ ಎದುರಾಡದ ನಾನು ಅಂದು ಒಂದು ವಿಷಯದಲ್ಲಿ ಮಾತ್ರ ಬಗ್ಗಲಿಲ್ಲ, ಅದೂ ಹಣ್ಣಿನ ವಾಸನೆಯ ದಿನ ನೆನಪಿದ್ದುದರಿಂದ. ಇನ್ಸುಲಿನ್ ಇಲ್ಲದ ಕಾಲದಲ್ಲಿ ಈ ಕಾಯಿಲೆಯ ಮಕ್ಕಳನ್ನು ಉಪವಾಸದ ಪಥ್ಯದಲ್ಲಿ ಒಣಗಿಸಿ ಕೆಲವು ತಿಂಗಳು ಹೆಚ್ಚು ಬದುಕಿಸುತ್ತಿದ್ದರು, ಅಷ್ಟೇ. ಟೊರೊಂಟೊದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ 1921ರಲ್ಲಿ ನಾಯಿಯ ಮೇದೋಜ್ಜೀರಕದಿಂದ ರಸ ತೆಗೆದರು. 1922ರ ಜನವರಿ 11ರಂದು ಲಿಯೊನಾರ್ಡ್ ಥಾಮ್ಸನ್ ಎಂಬ 14 ವರ್ಷದ ಹುಡುಗನಿಗೆ ದನದ ಗ್ರಂಥಿಯಿಂದ ತೆಗೆದದ್ದನ್ನು ಚುಚ್ಚಿದರು. ಮೊದಲ ಸಲ ಅದು ಅಷ್ಟು ಶುದ್ಧವಿರಲಿಲ್ಲ. ಅವರ ತಂಡದ ಕಾಲಿಪ್ ಶುದ್ಧಮಾಡಿ ಕೊಟ್ಟ ಮೇಲೆ ಆ ತಿಂಗಳ ಕೊನೆಗೆ ಹುಡುಗ ಚೇತರಿಸಿಕೊಂಡ, ಇನ್ನೂ 13 ವರ್ಷ ಬದುಕಿದ. ಪೇಟೆಂಟನ್ನು ಅವರು ವಿಶ್ವವಿದ್ಯಾಲಯಕ್ಕೆ ತಲಾ ಒಂದು ಡಾಲರಿಗೆ ಕೊಟ್ಟರು. ಮೆಡಿಕಲ್ ಶಾಪಿನ ಬಿಲ್ಲು ಬಂದಾಗಲೆಲ್ಲ ಈ ಒಂದು ಡಾಲರ್ ನೆನೆದು ನಾನು ನಿಟ್ಟುಸಿರು ಬಿಡುತ್ತೇನೆ. ದೊಡ್ಡಪ್ಪ ಇಷ್ಟು ಕಥೆ ಕೇಳಿ, ಹಾಗಲಕಾಯಿ ರಸವನ್ನು ಅತ್ತೆಗೆ ಕೊಟ್ಟು ಹೋದರು.

ಇನ್ನು ಊಟದ ಲೆಕ್ಕ. ಸಿಹಿ ಬಿಟ್ಟರೆ ಸಾಕು ಎಂದು ತಿಳಿದಿದ್ದವನಿಗೆ ಇಡ್ಲಿ, ಅನ್ನ, ಚಪಾತಿ, ಹಾಲು, ಎಲ್ಲದರಲ್ಲೂ ಎಷ್ಟು ಗ್ರಾಂ ಕಾರ್ಬೋಹೈಡ್ರೇಟ್ ಎಂದು ಎಣಿಸಿ ಅದಕ್ಕೆ ತಕ್ಕ ಯೂನಿಟ್ ಹಾಕಬೇಕೆಂದು ತಿಳಿದದ್ದು ದೊಡ್ಡ ಆಘಾತ. ಆಘಾತದಲ್ಲಿ ಆಘಾತ ಮುದ್ದೆಯದು. ಮುದ್ದೆಗೆ ಶುಗರ್ ಇಲ್ಲ ಎಂಬುದು ನಮ್ಮ ಸೀಮೆಯ ವೇದವಾಕ್ಯ. ನೂರು ಗ್ರಾಂ ರಾಗಿ ಹಿಟ್ಟಿನಲ್ಲಿ 70ರ ಆಸುಪಾಸು ಇದೆ, ಅಕ್ಕಿಗಿಂತ ಸ್ವಲ್ಪವೇ ಕಡಿಮೆ. ನಾರು ಹೆಚ್ಚು, ಕ್ಯಾಲ್ಸಿಯಂ ಹೆಚ್ಚು, ಎಲ್ಲ ನಿಜ. ಆದರೆ ಅತ್ತೆ ಕಟ್ಟುವ ಮುದ್ದೆಯ ಗಾತ್ರಕ್ಕೆ ಯಾವ ಧಾನ್ಯವಾದರೂ ಅಪಾಯಕಾರಿ. ಹೆಂಡತಿ ಪುಟ್ಟ ತಕ್ಕಡಿ ತಂದಳು. ಬಿಸಿ ಮುದ್ದೆಯನ್ನು ತಕ್ಕಡಿಯ ಮೇಲಿಟ್ಟು ಆವಿಯಲ್ಲಿ ಅಂಕಿ ಕಾಣದೆ ಸೆರಗಿನಿಂದ ಒರೆಸುತ್ತಾ, "ಇನ್ನೂರ ಹತ್ತು... ತಡೀರಿ, ಚಿವುಟ್ತೀನಿ" ಎನ್ನುವಾಗ ಅತ್ತೆ ದೇವರ ಮನೆಯ ಕಡೆ ಮುಖ ಮಾಡುತ್ತಿದ್ದರು. ಅನ್ನವನ್ನು ಅಳೆದು ಬಡಿಸುವುದು ಶತ್ರುವಿಗೂ ಮಾಡಬಾರದ ಕೆಲಸ ಎಂದು ನಂಬಿದವರು ಅವರು. ಏಕಾದಶಿ ಮಾಡಿದರೆ ಇನ್ಸುಲಿನ್ನೂ ತಪ್ಪಿಸಬಹುದಲ್ಲ ಎಂಬ ನನ್ನ ಉಪಾಯವೂ ನಡೆಯಲಿಲ್ಲ. ಹೊಟ್ಟೆ ಖಾಲಿಯಿದ್ದರೂ ಯಕೃತ್ತು ಒಳಗಿಂದ ಸಕ್ಕರೆ ಬಿಡುತ್ತಲೇ ಇರುತ್ತದೆ, ದಿನದ ಇನ್ಸುಲಿನ್ ಜ್ವರ ಬಂದರೂ ಬಿಡುವಂತಿಲ್ಲ.

ಈ ಲೆಕ್ಕ ಮನೆಯಲ್ಲಿ ಹೇಗೋ ನಡೆಯುತ್ತದೆ. ನನ್ನ ಮಾನ ಹೋದದ್ದು ಮದುವೆ ಮನೆಯಲ್ಲಿ. ಹೆಂಡತಿಯ ದೊಡ್ಡಮ್ಮನ ಮೊಮ್ಮಗನ ಮದುವೆ, ಎರಡನೇ ಪಂಕ್ತಿ. ಹೋಳಿಗೆ ಎಂದು ಮೂಗಿಗೇ ಗೊತ್ತಾಗಿತ್ತು. ಎರಡು ಹೋಳಿಗೆ, ಅನ್ನ, ಚಿತ್ರಾನ್ನ ಎಂದು ಮನಸ್ಸಿನಲ್ಲೇ ಕೂಡಿ, ಊಟಕ್ಕೆ ಕಾಲು ಗಂಟೆ ಮುಂಚೆ ಕಂಬದ ಮರೆಯಲ್ಲಿ ಜುಬ್ಬಾ ಎತ್ತಿ ಚುಚ್ಚಿಕೊಂಡೆ. ಅಲ್ಲೇ ಇದ್ದ ಹಿರಿಯರೊಬ್ಬರು ಪಂಚೆ ಜಾರುತ್ತಿದೆಯೆಂದು ತಿಳಿದು ತಮ್ಮ ಬೆಲ್ಟ್ ಬಿಚ್ಚಿಕೊಡಲು ಮುಂದೆ ಬಂದರು. ಎಲೆಗೆ ಕೂತೆ. ಉಪ್ಪು, ಕೋಸಂಬರಿ, ಪಲ್ಯ ಬಂತು. ಹೋಳಿಗೆಯ ಪಾತ್ರೆ ನನ್ನಿಂದ ಮೂರು ಎಲೆ ಆಚೆ ಖಾಲಿಯಾಯಿತು. "ಬಂತು ಸ್ವಾಮಿ, ಬಂತು" ಎಂದು ಬಡಿಸುವವನು ಒಳಗೆ ಹೋದ. ಮದುವೆ ಮನೆಯಲ್ಲಿ ಹೀಗೆ ಹೇಳಿ ಒಳಗೆ ಹೋದವನನ್ನು ಅದೇ ಪಂಕ್ತಿಯಲ್ಲಿ ಮತ್ತೆ ಕಂಡವರಿಲ್ಲ. ಅನ್ನವೂ ಅವನ ಹಿಂದೆಯೇ ನಿಂತಿರಬೇಕು.

ಹಾಕಿದ ಇನ್ಸುಲಿನ್ನಿಗೆ ಇದೆಲ್ಲ ಗೊತ್ತಾಗುವುದಿಲ್ಲವಲ್ಲ. ಬೆವರು ಬಂತು, ಕೈ ನಡುಗಿತು, ಎದುರಿನವರ ಜರಿ ಪೇಟ ಎರಡೆರಡಾಗಿ ಕಂಡಿತು. "ಹೋಳಿಗೆ! ಇಲ್ಲಿ ಹೋಳಿಗೆ!" ಎಂದು ಕೂಗಿದೆ. ಕೊನೆಗೂ ಪಕ್ಕದ ಸಾಲಿನಿಂದ ಒಬ್ಬ ಪುಣ್ಯಾತ್ಮ ಒಂದು ಹೋಳಿಗೆ ತಂದ. ಅಷ್ಟರಲ್ಲಿ ಎದುರಿನಿಂದ ನಮ್ಮ ಮಾವನ ತಮ್ಮ ಕೈ ಅಡ್ಡ ಹಿಡಿದರು. "ಅವರಿಗೆ ಹಾಕ್ಬೇಡಪ್ಪಾ, ಪಾಪ, ಶುಗರ್ ಇದೆ!" ಇಡೀ ಪಂಕ್ತಿ ನನ್ನ ಕಡೆ ಮರುಕದಿಂದ ತಿರುಗಿತು. ಸಕ್ಕರೆ 70ಕ್ಕಿಂತ ಕೆಳಗಿಳಿದರೆ 15 ಗ್ರಾಂ ಸಕ್ಕರೆ, ಅಂದರೆ ಮೂರು ಟೀ ಚಮಚ, ಬಾಯಿಗೆ ಹಾಕಿಕೊಂಡು 15 ನಿಮಿಷ ಬಿಟ್ಟು ಮತ್ತೆ ನೋಡಬೇಕು. ಗ್ಲೂಕೋಸ್ ಪೊಟ್ಟಣ ನನ್ನ ಪ್ಯಾಂಟಿನ ಜೇಬಿನಲ್ಲಿತ್ತು, ಪ್ಯಾಂಟು ಮನೆಯಲ್ಲಿತ್ತು. ಜುಬ್ಬಾದ ಜೇಬಿನಲ್ಲಿದ್ದದ್ದು ಮುಯ್ಯಿಯ ಕವರು. ಎಲೆ ಬಿಟ್ಟೆದ್ದೆ. ಬಾಗಿಲಲ್ಲಿ ಪನ್ನೀರಿನ ದಾನಿ ಹಿಡಿದ ಇಬ್ಬರು ಪುಟ್ಟ ಹುಡುಗಿಯರು, ನಡುವೆ ಬೆಳ್ಳಿ ತಟ್ಟೆಯ ತುಂಬ ಕಲ್ಲುಸಕ್ಕರೆ. ಎರಡೂ ಮುಷ್ಟಿ ತುಂಬಿಕೊಂಡು ಕಟಕಟ ಅಗಿದೆ. ಒಬ್ಬಳು ಸಂಪ್ರದಾಯ ಬಿಡದೆ ನನ್ನ ಮುಖದ ಮೇಲೆ ಪನ್ನೀರು ಚಿಮುಕಿಸಿದಳು. ಇನ್ನೊಬ್ಬಳು, "ಅಂಕಲ್, ಒಬ್ರಿಗೆ ಒಂದೇ" ಎಂದಳು.

ಆ ಮೇಲೆ ಮನೆಯ ಪ್ರತಿ ಮೂಲೆಯಲ್ಲೂ ಸಕ್ಕರೆಯ ಡಬ್ಬಿ ಬಂದಿದೆ. ಅತ್ತೆ ಮಾತ್ರ ನನಗೆ ಲೋ ಆದಾಗಲೆಲ್ಲ ಮೈಸೂರುಪಾಕೇ ತರುತ್ತಾರೆ. ತುಪ್ಪ ಸೇರಿದ ಸಿಹಿಯಿಂದ ಸಕ್ಕರೆ ರಕ್ತಕ್ಕೆ ಏರುವುದು ನಿಧಾನ, ಬರಿ ಸಕ್ಕರೆಯೇ ಬೇಕು ಎಂದು ಎಷ್ಟು ಹೇಳಿದರೂ, "ಅಳಿಯಂದ್ರಿಗೆ ಬರಿ ಸಕ್ಕರೆ ಮುಕ್ಕಿಸೋಕೆ ನಮ್ಗೇನು ಗತಿ ಇಲ್ವಾ?" ಎನ್ನುತ್ತಾರೆ. ತೋಳಿಗೆ ಅಂಟಿಸುವ ಸೆನ್ಸರ್ ಒಂದನ್ನು ಆಗಾಗ ಹಾಕಿಸಿಕೊಳ್ಳುತ್ತೇನೆ. ಹದಿನಾಲ್ಕು ದಿನ ಬರುತ್ತದೆ, ದುಬಾರಿ, ಆದ್ದರಿಂದ ಆಗಾಗ. ಅದರ ಅಲಾರಂ ಮಗಳ ಫೋನಿಗೆ. ನಡುರಾತ್ರಿ ತೋಳಿನ ಮೇಲೆ ಭಾರ ಬಿಟ್ಟು ಮಲಗಿದರೆ ಅದು ಸುಳ್ಳೇ ಲೋ ತೋರಿಸುತ್ತದೆ. ಮೂವರು ಹೆಂಗಸರು ಮೂರು ಕೋಣೆಗಳಿಂದ ಮೂರು ಚಮಚ ಹಿಡಿದು ಓಡಿ ಬರುವುದನ್ನು ಕಂಡಾಗ ನಿಜವಾಗಿಯೇ ಎದೆ ಹೊಡೆದುಕೊಳ್ಳುತ್ತದೆ. ಈಗ ಮೊದಲು ಬೆರಳು ಚುಚ್ಚಿ ನೋಡುವುದು ರೂಢಿ. ಕಣ್ಣು, ಮೂತ್ರಪಿಂಡ, ಥೈರಾಯ್ಡ್ ತಪಾಸಣೆ ವರ್ಷಕ್ಕೊಮ್ಮೆ, ಎಚ್‌ಬಿಎ1ಸಿ ತ್ರೈಮಾಸಿಕ ವರದಿ, 7ರ ಒಳಗಿರಬೇಕು. ಕಳೆದ ವರದಿ 7.4. ಇನ್‌ಚಾರ್ಜ್ ಅಧಿಕಾರಿಯಿಂದ ಇದಕ್ಕಿಂತ ಹೆಚ್ಚು ನಿರೀಕ್ಷಿಸಬಾರದು.

ಎಲ್ಲಕ್ಕಿಂತ ಹೆಚ್ಚು ನಷ್ಟವಾಗಿರುವುದು ನನ್ನ ಕೋಪಕ್ಕೆ. ಸಕ್ಕರೆ ಇಳಿದಾಗ ಸಿಡುಕು ಬರುತ್ತದೆಂದು ಡಾಕ್ಟರಮ್ಮ ಹೆಂಡತಿಯ ಎದುರಿಗೇ ಹೇಳಿಬಿಟ್ಟರು. ಅಂದಿನಿಂದ ನಾನು ದನಿ ಏರಿಸಿದರೆ ಸಾಕು, ಗ್ಲೂಕೋಮೀಟರ್ ಬರುತ್ತದೆ. "ಮೊದ್ಲು ಬೆರಳು ಕೊಡಿ." 110 ಬಂದರೆ ಕೋಪ ನನ್ನದೇ, ಅದಕ್ಕೆ ತಕ್ಕ ಉತ್ತರ ಸಿಗುತ್ತದೆ. ಕಡಿಮೆ ಬಂದರೆ ನಾನು ಹೇಳಿದ್ದು ಯಾವುದೂ ದಾಖಲೆಗೆ ಬರುವುದಿಲ್ಲ, ನ್ಯಾಯವಾದದ್ದೂ ಸಹ. ಮೊನ್ನೆ ಭಾನುವಾರ ಅವಳ ತಮ್ಮನಿಗೆ ಕೊಟ್ಟ ಕೈಸಾಲದ ಬಗ್ಗೆ ಎಷ್ಟೋ ದಿನದಿಂದ ಕೂಡಿಟ್ಟಿದ್ದ ಮಾತನ್ನು ಆಡಲು ನಿಂತೆ. ಅವಳೂ ಸೆರಗು ಸಿಕ್ಕಿಸಿ, "ಅಲ್ಲಾ ರೀ, ನಿಮ್ಮಣ್ಣನ ಮನೆ ಗೃಹಪ್ರವೇಶಕ್ಕೆ..." ಎಂದು ಶುರುಮಾಡಿದ್ದಳು. ನನ್ನ ಹಣೆಯ ಬೆವರು ಕಂಡು ನಿಲ್ಲಿಸಿದಳು. ಬೆರಳು. 58. ಮೂರು ಚಮಚ ಸಕ್ಕರೆ, ಒಂದು ಲೋಟ ನೀರು. ಅವಳು ಸೊಪ್ಪು ಬಿಡಿಸುತ್ತಾ ಕೂತಳು, ನಾನು ಸೂರು ನೋಡುತ್ತಾ ಕೂತೆ, ನಡುವೆ ಮಗಳು ಫೋನಿನಲ್ಲಿ 15 ನಿಮಿಷ ಇಟ್ಟಳು. ಮತ್ತೆ ಬೆರಳು. 96. ಏನು ಹೇಳಬೇಕೆಂದಿದ್ದೆನೋ ನನಗೆ ಪೂರ್ತಿ ಮರೆತುಹೋಗಿತ್ತು. ಅವಳು ಸೊಪ್ಪಿನ ತಟ್ಟೆ ಪಕ್ಕಕ್ಕಿಟ್ಟು, ಕೈ ಒರೆಸಿಕೊಂಡು, ನಿಲ್ಲಿಸಿದ ಪದದಿಂದಲೇ ಎತ್ತಿಕೊಂಡಳು: "...ಗೃಹಪ್ರವೇಶಕ್ಕೆ ಕೊಟ್ರಲ್ಲ, ಅದೇನು ವಾಪಸ್ ಬಂತಾ?"